ತಿರುವಿನಲ್ಲಿ ಕಾಲು ತೆಗೆದರೆ

ಕಂಪ್ಯೂಟರಿನೊಳಗಿನ ಕಾರು ಗಿರಕಿ ಹೊಡೆದರೆ ಯಾರ ಗಂಟೇನು ಹೋಗುತ್ತದೆ ಹೇಳಿ? ಯಾರಿಗೂ ಪೆಟ್ಟಾಗುವುದಿಲ್ಲ, ಬಂಪರು ಡೊಂಕಾಗುವುದಿಲ್ಲ. ಗುಂಡಿಯೊಂದನ್ನು ಒತ್ತಿದರೆ ಕಾರು ಏನೂ ಆಗೇ ಇಲ್ಲವೆಂಬಂತೆ ಮತ್ತೆ ರಸ್ತೆಗೆ ಬಂದು ನಿಂತಿರುತ್ತದೆ. ಆದರೂ ಅವತ್ತು ಮಧ್ಯಾಹ್ನ ಪರದೆಯ ಮೇಲೆ ಆ ಪುಟ್ಟ ಕಾರು ಎಡ ತಿರುವಿನಲ್ಲಿ ಗಿರ್ರನೆ ತಿರುಗಿ, ಮುಖ ಹಿಂದೆ ಮಾಡಿಕೊಂಡು ಹುಲ್ಲಿಗೆ ಹೋಗಿ ನಿಂತಾಗ ಟೈರಮ್ಮನ ಎದೆ ಧಸಕ್ಕೆಂದಿತು.

ಟೈರಮ್ಮ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಕಾರ್ ರೇಸಿನ ಆಟ ತಯಾರಿಸುವ ಸಣ್ಣ ಕಂಪನಿ ಅದು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಇವರು. ಕಾರು ನೋಡೋಕೆ ಹೇಗಿರಬೇಕು ಅಂತ ಚಿತ್ರ ಬರೆಯುವವರು ಬೇರೆ, ಎಂಜಿನ್ನಿನ ಸದ್ದು ಕೂರಿಸುವವರು ಬೇರೆ. ಕಾರು ಹೇಗೆ ಓಡಬೇಕು ಎನ್ನುವುದು ಮಾತ್ರ ಪೂರ್ತಿ ಟೈರಮ್ಮನ ತಲೆನೋವು. ಟೈರು ರಸ್ತೆಯನ್ನು ಎಲ್ಲಿಯವರೆಗೆ ಹಿಡಿದಿರುತ್ತದೆ, ಎಲ್ಲಿ ಕೈಬಿಡುತ್ತದೆ, ಬ್ರೇಕ್ ಹಾಕಿದಾಗ ಭಾರ ಎಷ್ಟು ಮೂತಿಗೆ ಬರುತ್ತದೆ, ತಿರುವಿನಲ್ಲಿ ಯಾವ ಚಕ್ರದ ಮೇಲೆ ಎಷ್ಟು ಬೀಳುತ್ತದೆ, ಟೈರು ತಣ್ಣಗಿದ್ದರೆ ಏನು, ಕಾದರೆ ಏನು ಅಂತ ಎಲ್ಲವನ್ನೂ ಲೆಕ್ಕ ಮಾಡಿ ಬರೆದವಳು ಅವಳು. ವರ್ಷಗಟ್ಟಲೆ ಕೂತು ಬರೆದಿದ್ದಳು. ಊಟಕ್ಕೆ ಕೂತರೆ ಟೈರು, ಮದುವೆಮನೆಗೆ ಹೋದರೆ ಟೈರು. ಯಾರಾದರೂ ಹೊಸ ಕಾರು ತಂದು ತೋರಿಸಿದರೆ ಬಣ್ಣ ನೋಡುವ ಬದಲು ಬಗ್ಗಿ ಚಕ್ರ ನೋಡುವ ಹೆಂಗಸನ್ನು ಇನ್ನೇನಂತ ಕರೀಬೇಕು?

ಅವತ್ತು ಆಟದ ಕುರ್ಚಿಯಲ್ಲಿ ಕೂತಿದ್ದವರು ರೇಸಣ್ಣ. ನಿಜವಾದ ಟ್ರ್ಯಾಕಿನಲ್ಲಿ ನಿಜವಾದ ಕಾರು ಓಡಿಸಿ, ಮನೆಯ ಶೋಕೇಸಿನಲ್ಲಿ ಜಾಗ ಸಾಲದಷ್ಟು ಕಪ್ಪು ಗೆದ್ದಿದ್ದ ಮನುಷ್ಯ. ಈಗ ರೇಸು ಬಿಟ್ಟಿದ್ದರು. ಆಟದ ಕಾರುಗಳು ನಿಜದ ಹಾಗೆ ಓಡುತ್ತವೋ ಇಲ್ಲವೋ ನೋಡಿ ಹೇಳಲಿ ಅಂತ ಕಂಪನಿಯ ಯಜಮಾನರು ಅವರನ್ನು ಕರೆಸಿದ್ದರು. ಅವರು ಹೂಂ ಅಂದರೆ ಆಟ ಹೊರಗೆ ಬರುತ್ತದೆ. ಉಹೂಂ ಅಂದರೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರಬೇಕು.

"ಏನಮ್ಮಾ ಇದು?" ರೇಸಣ್ಣ ಸ್ಟೀರಿಂಗು ಬಿಟ್ಟು ಹಿಂದಕ್ಕೆ ಒರಗಿದರು. "ಬಲಕ್ಕೆ ತಿರುಗಿಸಿದ್ರೆ ಹೇಳಿದ ಮಾತು ಕೇಳ್ಕೊಂಡು ಹೋಗುತ್ತೆ. ಎಡಕ್ಕೆ ತಿರುಗಿಸಿ ಒಂಚೂರು ಕಾಲು ತೆಗೆದ್ರೆ ಸಾಕು, ಬಾಲ ಬಿಚ್ಚುತ್ತೆ!"

"ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಬಾಲ ಬಿಚ್ಚಲೇಬೇಕು ಸಾರ್," ಎಂದಳು ಟೈರಮ್ಮ. "ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಟೈರು ಹಗುರ ಆಗುತ್ತೆ. ಹಗುರ ಆದ ಟೈರು ರಸ್ತೆ ಹಿಡಿಯಲ್ಲ. ಹಿಂಭಾಗ ಹೊರಕ್ಕೆ ಹೋಗುತ್ತೆ."

"ಅದೆಲ್ಲ ದೊಡ್ಡ ಕಾರಿಗೆ. ಇದು ಡ್ರೈವಿಂಗ್ ಕಲಿಯೋರ ಕಾರು ಕಣಮ್ಮಾ. ನಾನು ರೇಸು ಕಲಿತಿದ್ದೇ ಇಂಥದ್ರಲ್ಲಿ. ಒಂದು ದಿನಾನೂ ಅದರ ಬಾಲ ಅಲ್ಲಾಡಿದ್ದು ನೋಡಿಲ್ಲ."

"ಹಾಗಾದ್ರೆ ನಿಮ್ಮ ಕಾಲಲ್ಲೇ ಏನೋ ಐಬಿದೆ."

ಚಿತ್ರ ಬರೆಯುವವರು ಕೈಯಲ್ಲಿದ್ದ ಕೆಲಸ ಬಿಟ್ಟು ಈ ಕಡೆ ತಿರುಗಿದರು. ಕಪ್ಪು ಗೆದ್ದ ಕಾಲಿಗೆ ಐಬು! ಟೈರಮ್ಮನಿಗೂ ಬಾಯಿಂದ ಮಾತು ಜಾರಿದ ಮೇಲೆ ಮುಖ ಬಿಸಿಯಾಯಿತು. ಆದರೆ ಹಿಂದಕ್ಕೆ ತಗೊಳ್ಳುವ ಜಾಯಮಾನ ಅವಳದಲ್ಲ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಪುಣ್ಯಕ್ಕೆ ರೇಸಣ್ಣ ನಕ್ಕುಬಿಟ್ಟರು. ಯಜಮಾನರು ಮಾತ್ರ ನಗಲಿಲ್ಲ. ಅವರು ಯಾರ ಮೇಲೂ ದನಿ ಏರಿಸದ ಮನುಷ್ಯ. ಅವರ ಮೆತ್ತಗಿನ ಮಾತು ಕೇಳಿದರೇ ಎಲ್ಲರಿಗೂ ಭಯ ಜಾಸ್ತಿ.

"ನೋಡಿ ಮೇಡಂ, ಆಟ ಶುರು ಮಾಡಿದೋರಿಗೆಲ್ಲ ಮೊದಲು ಸಿಗೋದು ಈ ಪುಟ್ಟ ಕಾರೇ. ಮೊದಲನೇ ಕಾರೇ ಹೀಗೆ ಕುಣಿದ್ರೆ ಎರಡನೇ ಕಾರಿನ ತನಕ ಯಾರು ಬರ್ತಾರೆ? ಮುಂದಿನ ವಾರ ಟ್ರ್ಯಾಕಿಗೆ ಹೋಗೋಣ. ನಿಮ್ಮತ್ತೆಯವರ ಕಾರನ್ನೇ ತನ್ನಿ, ಅದನ್ನ ನೋಡ್ಕೊಂಡೇ ಅಲ್ವಾ ಇದನ್ನ ಮಾಡಿರೋದು? ರೇಸಣ್ಣ ಅದನ್ನ ಓಡಿಸ್ಲಿ. ಆಟದಲ್ಲಿ ಆಗೋದೇ ಅಲ್ಲೂ ಆದ್ರೆ ಸರಿ. ಆಗದೇ ಇದ್ರೆ ಹೊರಗಿಂದ ರೆಡಿಮೇಡ್ ಲೆಕ್ಕ ತರಿಸಿ ಹಾಕೋಣ."

ರೆಡಿಮೇಡ್ ಲೆಕ್ಕ! ಟೈರಮ್ಮ ಅದನ್ನು ನೋಡಿದ್ದಳು. ಅದರಲ್ಲಿ ಕಾರು ರಸ್ತೆಗೆ ಗೋಂದು ಹಚ್ಚಿ ಅಂಟಿಸಿದ ಹಾಗೆ ಓಡುತ್ತದೆ. ಕಣ್ಣು ಮುಚ್ಚಿಕೊಂಡು ತಿರುಗಿಸಿದರೂ ಸೈ, ಬ್ರೇಕನ್ನು ಒದ್ದರೂ ಸೈ. ಅದು ಬಂತೆಂದರೆ ಇವಳು ಇಷ್ಟು ವರ್ಷ ಬರೆದದ್ದೆಲ್ಲ ಮಣ್ಣುಪಾಲು. ಆದರೂ, "ಆಯ್ತು ಸಾರ್, ಟ್ರ್ಯಾಕಲ್ಲೇ ನೋಡೋಣ," ಅಂದಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟ ಸದ್ದಿಗೇ ಗಂಡನಿಗೆ ಹವಾಮಾನ ಗೊತ್ತಾಯಿತು. ಒಗೆದ ಬಟ್ಟೆ ಮಡಿಸುತ್ತಿದ್ದವನು ತಲೆ ತಗ್ಗಿಸಿ ಮಡಿಸುತ್ತಲೇ ಇದ್ದ. ಟೈರಮ್ಮ ಲ್ಯಾಪ್‌ಟಾಪ್ ತೆಗೆದು ಕೂತಳು. ರೇಸಣ್ಣನಿಗೆ ಜವಾಬು ಕೊಟ್ಟಿದ್ದೇನೋ ಸರಿ, ಆದರೆ ಅವರ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬಲಕ್ಕೆ ಸರಿ, ಎಡಕ್ಕೆ ಮಾತ್ರ ಯಾಕೆ?

ಎಡ ತಿರುವಿನ ರಸ್ತೆಯೇ ಹಾಗಿರಬಹುದು, ಸ್ವಲ್ಪ ಇಳಿಜಾರು ಇದ್ದೀತು ಅಂದುಕೊಂಡಳು. ಹಾಗಿದ್ದರೆ ಪರೀಕ್ಷೆ ಮಾಡೋಕೆ ಒಂದು ಉಪಾಯವಿದೆ. ಇಡೀ ಟ್ರ್ಯಾಕನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಮಾಡಿದಳು. ಎಡ ತಿರುವಿದ್ದದ್ದು ಬಲವಾಯಿತು, ಬಲವಿದ್ದದ್ದು ಎಡ. ತಪ್ಪು ರಸ್ತೆಯದ್ದಾದರೆ ಈಗ ಕಾರು ಬಲಕ್ಕೆ ಗಿರಕಿ ಹೊಡೆಯಬೇಕು. ಓಡಿಸಿದಳು. ಬಲಕ್ಕೆ ಗುಣವಂತನ ಹಾಗೆ ಹೋಯಿತು. ಎಡಕ್ಕೆ ತಿರುಗಿಸಿ ಕಾಲು ತೆಗೆದಳು, ಗಿರ್ರ್!

ಅಂದರೆ ತಪ್ಪು ರಸ್ತೆಯದ್ದಲ್ಲ, ರೇಸಣ್ಣನ ಕಾಲಿನದ್ದೂ ಅಲ್ಲ. ಕಾರಿನದ್ದೇ. ಕಾರಿನದ್ದು ಅಂದರೆ ಟೈರಮ್ಮನದ್ದೇ.

ಕಾರಿನ ತೂಕ ತೆಗೆದು ನೋಡಿದಳು. ಒಂದೊಂದು ಚಕ್ರದ ಮೇಲೆ ಎಷ್ಟೆಷ್ಟು ಭಾರ ಕೂರುತ್ತದೆ ಎನ್ನುವ ಸಂಖ್ಯೆಗಳು. ಹಿಂದಿನ ಬಲಚಕ್ರದ ಮೇಲೆ ಅನ್ಯಾಯದ ಭಾರ. ಇದನ್ನು ನೂರು ಸಲ ನೋಡಿದ್ದಳು, ಹಳೇ ಕಾರು, ಏನೋ ವಾಲಿದೆ ಅಂತ ಬಿಟ್ಟಿದ್ದಳು. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಕ್ಕೆ ವಾಲುತ್ತದೆ. ಮೊದಲೇ ಹೊತ್ತು ನಿಂತಿರುವ ಆ ಬಲಚಕ್ರಕ್ಕೆ ಇನ್ನಷ್ಟು ಹೇರಿದರೆ ಅದು ಎಷ್ಟು ಅಂತ ತಡೆದೀತು? ಟೈರು ಹಗುರವಾದರೂ ಜಾರುತ್ತದೆ, ಮಿತಿಮೀರಿ ಹೊತ್ತರೂ ಜಾರುವುದೇ ಸರಿ. ಆದರೆ ಆ ಭಾರ ಎಲ್ಲಿಂದ ಬಂತು? ಅಂಗಳಕ್ಕೆ ಹೋಗಿ, ಅಲ್ಲಿ ನಿಂತಿದ್ದ ನಿಜವಾದ ಕಾರಿನ ಡಿಕ್ಕಿ ತೆಗೆದು ನೋಡಿದಳು. ಸ್ಟೆಪ್ನಿ ಟೈರು ನಟ್ಟನಡುವೆ ಇತ್ತು. ಬಗ್ಗಿ ಸ್ಪ್ರಿಂಗು ನೋಡಿದಳು. ಎರಡೂ ಒಂದೇ ಎತ್ತರ. ತಲೆ ಕೆರೆದುಕೊಂಡು ಒಳಗೆ ಬಂದಳು.

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ತರಕಾರಿಗೆ ಹೊರಟಾಗ.

ಆ ಕಾರು ಅತ್ತೆಯದು. ಅತ್ತೆ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಅರ್ಧ ಊರಿಗೆ ಕ್ಲಚ್ಚು ಬಿಡೋದು ಹೇಳಿಕೊಟ್ಟವರು, ಇನ್ನರ್ಧ ಊರಿಗೆ ಬೈದವರು. ಅವರ ಕಾರು ಅವರಿಲ್ಲದೆ ಗೇಟು ದಾಟುವ ಹಾಗಿರಲಿಲ್ಲ. ಶಿಷ್ಯರಿದ್ದರೆ ಅವರ ಪಕ್ಕದಲ್ಲಿ ಕೂರುತ್ತಿದ್ದರು. ಮಗ, ಸೊಸೆ ಯಾರು ಓಡಿಸಿದರೂ ಹಿಂದಿನ ಸೀಟಿನ ಬಲಮೂಲೆಯಲ್ಲಿ ಕೂರುತ್ತಿದ್ದರು. ಅಲ್ಲಿಂದ ಕನ್ನಡಿಯಲ್ಲಿ ಓಡಿಸುವವರ ಕಣ್ಣು ಕಾಣುತ್ತದಂತೆ. ಅತ್ತೆ ಗಟ್ಟಿ ಮೈಯ ಹೆಂಗಸು. ಅವತ್ತು ಬಾಗಿಲು ತೆಗೆದು, ಉಸ್ಸಪ್ಪಾ ಅಂತ ಕೂತರು. ಟೈರಮ್ಮ ಇನ್ನೂ ಹೊರಗೆ ನಿಂತಿದ್ದಳು. ಅವಳ ಕಣ್ಣೆದುರಿಗೇ ಕಾರಿನ ಹಿಂದಿನ ಬಲಮೂಲೆ ಕೆಳಕ್ಕೆ ಕುಸಿಯಿತು.

"ಅಯ್ಯಯ್ಯೋ!" ಎಂದು ಹಣೆ ಹಣೆ ಚಚ್ಚಿಕೊಂಡಳು.

"ಏನೇ, ಪರ್ಸು ಮರೆತ್ಯಾ?" ಅಂದರು ಅತ್ತೆ.

ಮರೆತದ್ದು ಪರ್ಸಲ್ಲ. ಕಾರು ತೂಗಿದ ದಿನ ಅತ್ತೆಯನ್ನು ಇಳಿಸುವುದನ್ನು ಮರೆತಿದ್ದರು.

ಆ ದಿನದ ಚೆಂದ ಹೇಳಬೇಕು ನಿಮಗೆ. ಆಫೀಸಿನವರೆಲ್ಲ ಸೇರಿ, ಬೇರೆಯವರಿಂದ ಕೇಳಿ ತಂದ ನಾಲ್ಕು ತೂಕದ ಹಲಗೆಗಳನ್ನು ನಾಲ್ಕು ಚಕ್ರದ ಕೆಳಗಿಟ್ಟಿದ್ದರು. ಡ್ರೈವರ್ ಸೀಟಿನಲ್ಲಿ ಮನುಷ್ಯನ ಬದಲು ಮರಳಿನ ಚೀಲ ಕೂರಿಸಿ, ಅದಕ್ಕೆ ಬೆಲ್ಟು ಬೇರೆ ಕಟ್ಟಿದ್ದರು. ಡಿಕ್ಕಿಯಲ್ಲಿದ್ದ ಛತ್ರಿ ತೆಗೆದಿದ್ದರು. ಕನ್ನಡಿಗೆ ನೇತುಹಾಕಿದ್ದ ಬಟ್ಟೆ ಗೊಂಬೆಯನ್ನು ಬಿಚ್ಚಿಟ್ಟಿದ್ದರು. ಕಾಲೊರೆಸಿನ ಮರಳನ್ನೂ ಕೊಡವಿದ್ದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆಯನ್ನು ಮಾತ್ರ ತೆಗೆದಿರಲಿಲ್ಲ.

ಬಿಸಿಲಿತ್ತು, ಅತ್ತೆಗೆ ನಿದ್ದೆ ಹತ್ತಿತ್ತು. ಎಬ್ಬಿಸಿ ಇಳಿಯಿರಿ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಬೇಕಾದರೆ ತೂಕದ ಮಾತೆತ್ತಬೇಕು. ಓದಿದವರು, ತಿಳಿದವರು, ಅಷ್ಟು ಜನ ಸುತ್ತ ನಿಂತಿದ್ದರೂ ಒಬ್ಬರಿಗೂ ಬಾಯಿ ಬರಲಿಲ್ಲ. ಆಮೇಲೆ ಲೆಕ್ಕದಿಂದ ಅತ್ತೆಯ ತೂಕವನ್ನು ಟೈರಮ್ಮನೇ ಕಳೆಯುತ್ತಾಳೆ ಬಿಡು ಅಂತ ಅವರೆಲ್ಲ ಅಂದುಕೊಂಡರು. ಟೈರಮ್ಮನ ಕಣ್ಣೋ, ಆ ಸೀಟಿನಲ್ಲಿ ಅತ್ತೆಯನ್ನು ನೋಡಿ ನೋಡಿ, ಅವರೂ ಸೀಟಿನ ಒಂದು ಭಾಗ ಅಂತಲೇ ಅಂದುಕೊಂಡುಬಿಟ್ಟಿತ್ತು.

ತೂಕದ ಹಲಗೆಗಳನ್ನು ವಾಪಸು ಕೊಟ್ಟಾಗಿತ್ತು. ಟ್ರ್ಯಾಕಿನ ದಿನ ಹತ್ತಿರವಿತ್ತು. ಉಳಿದದ್ದು ಒಂದೇ ದಾರಿ. ತರಕಾರಿ ತಂದು, ಅತ್ತೆಗೆ ಅವರಿಗೆ ಬೇಕಾದ ಹಾಗೆ ಕಾಫಿ ಮಾಡಿಕೊಟ್ಟು, ಪಕ್ಕದಲ್ಲಿ ಕೂತಳು.

"ಅತ್ತೆ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಹೀಗೆ ಶುರು ಮಾಡಿದ್ರೆ ಬೇಜಾರಾಗೋ ಮಾತೇ ಇರುತ್ತೆ. ಕೇಳು."

"ನಿಮ್ಮ ತೂಕ ಎಷ್ಟು?"

ಅತ್ತೆ ಲೋಟ ಕೆಳಗಿಟ್ಟರು. ಒಳಗೆ ಬಟ್ಟೆ ಮಡಿಸಿ ಇಡುತ್ತಿದ್ದ ಗಂಡ, ತಾಯಿ ಹೆಂಡತಿ ಇಬ್ಬರನ್ನೂ ಒಂದು ಸಲ ನೋಡಿ, ಹಿತ್ತಿಲ ಬಾಗಿಲಿಂದ ಪರಾರಿಯಾದ.

"ನಿಮ್ಮ ಮಾವ ಬದುಕಿರೋ ತನಕ ಈ ಮಾತು ಕೇಳಲಿಲ್ಲ," ಅಂದರು ಅತ್ತೆ. "ಒಬ್ಬ ಡಾಕ್ಟರು ಕೇಳಿದ. ಡಾಕ್ಟರನ್ನೇ ಬದಲಾಯಿಸಿದೆ."

ಟೈರಮ್ಮ ಎಲ್ಲ ಬಿಡಿಸಿ ಹೇಳಿದಳು. ತೂಗಿದ್ದು, ಮರೆತದ್ದು, ಎಡ ತಿರುವು, ರೇಸಣ್ಣ, ರೆಡಿಮೇಡ್ ಲೆಕ್ಕ ಎಲ್ಲ. "ಇಷ್ಟು ವರ್ಷ ಮಾಡಿದ್ದೆಲ್ಲ ಹೋಗಿಬಿಡುತ್ತೆ ಅತ್ತೆ. ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಅತ್ತೆ ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡರು. "ಅಂದ್ರೆ ಇಷ್ಟು ದಿನ ಆ ಆಟ ಆಡಿದೋರೆಲ್ಲ ನನ್ನನ್ನ ಹಿಂದೆ ಕೂರಿಸ್ಕೊಂಡೇ ಓಡಿಸ್ತಿದ್ರಾ?"

"ಹೂಂ ಅತ್ತೆ."

"ನಾನು ಹಿಂದೆ ಇದ್ದೂ ಆ ವೇಗದಲ್ಲಿ ಹೋದ್ರಾ? ಧೈರ್ಯ ನೋಡು!" ಅಂದವರೇ ಯೋಚಿಸಿ, "ಒಂದು ಅಂದಾಜಲ್ಲಿ ಕಳೆದುಬಿಡು ಹೋಗು," ಅಂದರು.

"ಅಂದಾಜು ಜಾಸ್ತಿ ಆಗಿಬಿಟ್ರೆ? ಇರೋದಕ್ಕಿಂತ ಹೆಚ್ಚು ಹಾಕಿಬಿಟ್ರೆ?"

ಆ ಬಾಣ ನಾಟಿತು. ಅತ್ತೆ ದಡಕ್ಕನೆ ಎದ್ದರು. "ಎಲ್ಲಿದೆ ನಿನ್ನ ತೂಕದ ಮಷೀನು? ಮತ್ತೆ ಇದನ್ನೂ ಕೇಳ್ಕೋ, ಅವತ್ತು ನನ್ನ ತೊಡೆ ಮೇಲೆ ಬ್ಯಾಗಿತ್ತು, ಅದರಲ್ಲಿ ನೀರಿನ ಬಾಟ್ಲಿ ಇತ್ತು. ಅವನ್ನ ಬೇರೆ ತೂಗು. ಎಲ್ಲ ತಂದು ನನ್ನ ತಲೆಗೆ ಕಟ್ಟಬೇಡ."

ಬ್ಯಾಗನ್ನು ಬೇರೆ ತೂಗಿದರು, ಬಾಟ್ಲಿಗೆ ನೀರು ತುಂಬಿಸಿ ಅದನ್ನೂ ತೂಗಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಮಷೀನು ಹತ್ತಿ, ಕಣ್ಣು ಮುಚ್ಚಿಕೊಂಡೇ ಇಳಿದರು. ಎಷ್ಟು ಬಂತು ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಅದು ಅತ್ತೆ ಸೊಸೆಯರ ನಡುವಿನ ಮಾತು.

ಆಟದ ಕಾರಿನಿಂದ ಅತ್ತೆಯನ್ನು ಇಳಿಸಿದ ಕೂಡಲೇ ಗಿರಕಿ ನಿಂತಿತು. ಎಡವೂ ಒಂದೇ, ಬಲವೂ ಒಂದೇ. ತಿರುವಿನ ನಡುವೆ ಕಾಲು ತೆಗೆದರೆ ಬಾಲ ಈಗಲೂ ಹೊರಕ್ಕೆ ಬರುತ್ತಿತ್ತು. ಆದರೆ ಮುನ್ಸೂಚನೆ ಕೊಟ್ಟು ಬರುತ್ತಿತ್ತು. ಗಾಬರಿಬಿದ್ದು ಬ್ರೇಕ್ ಒತ್ತಿದರೆ ಕೆಟ್ಟಿರಿ. ಸ್ಟೀರಿಂಗನ್ನು ಬಾಲ ಹೋದ ಕಡೆಗೇ ತಿರುಗಿಸಿ, ಆಕ್ಸಿಲರೇಟರಿಗೆ ಮೆಲ್ಲಗೆ ಕಾಲು ಕೊಟ್ಟರೆ ಕಾರು ಸಂಭಾಳಿಸಿಕೊಂಡು ನೆಟ್ಟಗಾಗುತ್ತಿತ್ತು. ಟೈರಮ್ಮ ಅದನ್ನು ಆಡಿ ಆಡಿ ನೋಡಿದಳು. ಖುಷಿಗೆ ಕುರ್ಚಿಯಲ್ಲೇ ಕುಣಿದಳು.

ಮರುದಿನ ಆಫೀಸಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು. "ರೇಸಣ್ಣ ಹೇಳಿದ್ದು ಸರಿ. ಎಡ ತಿರುವು ತಪ್ಪಾಗಿತ್ತು. ಅವರ ಕಾಲಿಗೆ ಐಬು ಅಂದೆ, ತಪ್ಪಾಯ್ತು." ಕಾರಣ ಕೇಳಿ ಆಫೀಸು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಅವತ್ತು ಕಾರಿನ ಸುತ್ತ ಮೂಕರ ಹಾಗೆ ನಿಂತಿದ್ದವರೇ.

ರೇಸಣ್ಣ ಮತ್ತೆ ಕುರ್ಚಿಯಲ್ಲಿ ಕೂತು ಓಡಿಸಿದರು. "ಎಷ್ಟೋ ವಾಸಿ. ಆದ್ರೆ ಬಾಲ ಇನ್ನೂ ಬಿಚ್ಚುತ್ತಲ್ಲಮ್ಮಾ?"

"ಬಿಚ್ಚುತ್ತೆ ಸಾರ್. ನಿಜವಾದ ಕಾರೂ ಬಿಚ್ಚುತ್ತೆ."

"ಇಲ್ಲ ಕಣಮ್ಮಾ. ನನಗೆ ಗೊತ್ತಿಲ್ವಾ?"

ಒಂದು ಸಲ ತಪ್ಪಿದವಳ ಮಾತಿಗೆ ಎರಡನೇ ಸಲ ಎಷ್ಟು ಬೆಲೆ? ಯಜಮಾನರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಹಿಂದಿನ ಟೈರಿಗೆ ಒಂಚೂರು ಹಿಡಿತ ಜಾಸ್ತಿ ಕೊಟ್ಟುಬಿಡಿ. ಅವರು ಹೂಂ ಅಂತಾರೆ, ನಿಮ್ಮ ಕೆಲಸಾನೂ ಉಳಿಯುತ್ತೆ. ಯಾರಿಗೆ ಗೊತ್ತಾಗುತ್ತೆ?"

ನಿಜ, ಒಂದೇ ಒಂದು ಸಂಖ್ಯೆ ತಿದ್ದಿದರೆ ಮುಗಿದಿತ್ತು. ಟೈರಮ್ಮನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೂತಳು, ಆ ಸಂಖ್ಯೆಯ ಎದುರಿಗೇ ಕೂತಳು. ಈ ಆಟ ಆಡಿದ ಯಾರೋ ಒಬ್ಬರು ನಾಳೆ ನಿಜವಾದ ಕಾರಲ್ಲಿ, ನಿಜವಾದ ತಿರುವಿನಲ್ಲಿ ಗಾಬರಿಬಿದ್ದು ಕಾಲು ತೆಗೀತಾರೆ. ಅವರ ಕೈಗೆ ನಾನು ಸುಳ್ಳು ಕಲಿಸಬೇಕಾ? ಎದ್ದು ಹೋಗಿ ಯಜಮಾನರಿಗೆ ಹೇಳಿದಳು: "ಆಗಲ್ಲ ಸಾರ್. ಇದ್ರೆ ಇದು ಹೀಗೇ ಇರುತ್ತೆ, ಇಲ್ಲಾಂದ್ರೆ ಪೂರ್ತಿ ಹೋಗ್ಲಿ."

ಟ್ರ್ಯಾಕು ಊರ ಹೊರಗಿತ್ತು. ಅಗಲವಾದ ರಸ್ತೆ, ಎರಡೂ ಕಡೆ ಬಯಲು, ಜಾರಿದರೂ ಗುದ್ದೋಕೆ ಏನೂ ಇಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಎಲ್ಲರೂ ಸೇರಿದರು. ಕಾರು ಬಂದ ಮೇಲೆ ಅತ್ತೆಯೂ ಬರಲೇಬೇಕಲ್ಲ, ಬಂದರು. ಈ ಸಲ ಮಾತ್ರ ತಾವಾಗಿಯೇ ಇಳಿದು ನಿಂತರು.

ಪೆಡಲಿಗೆ ಒಂದು ಪುಟ್ಟ ಯಂತ್ರ, ಬಾಲ ಎಷ್ಟು ಜಾರಿತು ಅಂತ ನೋಡೋಕೆ ಹಿಂದೆ ಇನ್ನೊಂದು ಸಿಕ್ಕಿಸಿದ್ದರು. ಕಾಲು ಎಷ್ಟು ಒತ್ತಿತು, ಎಷ್ಟು ಬಿಟ್ಟಿತು ಎನ್ನುವುದು ಟೈರಮ್ಮನ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಬರುತ್ತಿತ್ತು. ರೇಸಣ್ಣ ಹೆಲ್ಮೆಟ್ ಹಾಕಿ ಹೊರಟರು. ಆಹಾ, ಏನು ಓಡಿಸಿದರು! ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಆ ಮುದಿ ಕಾರು ಹುಡುಗಿಯ ಹಾಗೆ ಹಾರಿಕೊಂಡು ಹೋಯಿತು. ಸುತ್ತು ಮೇಲೆ ಸುತ್ತು ಬಂದರು. ಉದ್ದನೆಯ ಎಡ ತಿರುವಿನಲ್ಲಿ ಕಾರು ನೂಲು ಹಿಡಿದ ಹಾಗೆ ಹೋಗುತ್ತಿತ್ತು. ಬಾಲ ಒಂದಿಷ್ಟೂ ಅಲ್ಲಾಡಲಿಲ್ಲ.

ಬಂದು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನೋಡಿದ್ರಲ್ಲ? ಕಾಲು ತೆಗೆದೆ, ಏನೂ ಆಗಲಿಲ್ಲ."

ಯಜಮಾನರು ನಿಟ್ಟುಸಿರು ಬಿಟ್ಟು, ಜೇಬಿನಿಂದ ಫೋನು ತೆಗೆದರು. ರೆಡಿಮೇಡ್ ಲೆಕ್ಕದವರಿಗೆ ಹೇಳಿಬಿಡಬೇಕಲ್ಲ. ಮುಗೀತು, ಎಲ್ಲ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಲು ಹೋದ ಟೈರಮ್ಮ ಗೆರೆ ನೋಡಿದಳು. ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಸಾರ್, ಒಂದು ನಿಮಿಷ! ಫೋನ್ ಮಾಡಬೇಡಿ! ರೇಸಣ್ಣ ಸಾರ್, ನೀವು ಕಾಲು ತೆಗೀಲೇ ಇಲ್ಲ!"

"ತೆಗೆದೆ ಕಣಮ್ಮಾ!"

"ಇಲ್ಲ ಸಾರ್. ತಿರುವಿಗೆ ಬರೋಕೆ ಮುಂಚೆ ತೆಗೆದಿದೀರಿ. ಒಳಗೆ ಬಂದ ಮೇಲೆ ಒತ್ತಿದ ಕಾಲು ಒತ್ತಿದ ಹಾಗೇ ಇದೆ. ಬಂದು ನೋಡಿ."

ರೇಸಣ್ಣ ಇಳಿದು ಬಂದು ನೋಡಿದರು. ಹುಬ್ಬು ಗಂಟಾಯಿತು. ವಾಪಸು ಹೋಗಿ ಕಾರು ತೆಗೆದರು. ಮತ್ತೆ ಸುತ್ತಿದರು, ಮತ್ತೆ ಎಡ ತಿರುವು. ಗೆರೆ ಜಪ್ಪಯ್ಯ ಅಂದರೂ ಕೆಳಗಿಳಿಯಲಿಲ್ಲ. ವಾಪಸು ಬಂದಾಗ ಅವರ ಮುಖದಲ್ಲಿ ನಾಚಿಕೆ, ನಗು ಎರಡೂ ಇದ್ದವು.

"ಕಾಲು ನನ್ನ ಮಾತೇ ಕೇಳ್ತಿಲ್ಲ! ತೆಗೀಬೇಕು ಅಂತ ಹಲ್ಲು ಕಚ್ಕೊಂಡು ಹೋಗ್ತೀನಿ, ಅಲ್ಲಿ ಬಂದ್ರೆ ತೆಗಿಯಕ್ಕೇ ಆಗ್ತಿಲ್ಲ. ನಿಮ್ಮ ಕುರ್ಚಿಯಲ್ಲಿ ವೇಗ ಗೊತ್ತಾಗದೆ ತೆಗೆದುಬಿಟ್ಟಿದ್ದೆ. ಇಲ್ಲಿ ಆಗಲ್ಲ."

"ಹೇಗೆ ಆಗುತ್ತೆ?" ಅಂದರು ಅತ್ತೆ. "ಭಯ ಇರೋರು ಅಲ್ಲಿ ಕಾಲು ತೆಗೀತಾರೆ. ನನ್ನ ಶಿಷ್ಯರು ಒಬ್ಬರು ಬಿಡದೆ ಎಲ್ಲ ತೆಗೀತಾರೆ. ನಿಮಗೆ ಭಯ ಬಿಟ್ಟುಹೋಗಿ ಎಷ್ಟು ಕಾಲ ಆಯ್ತೋ!"

ಟೈರಮ್ಮ ಲ್ಯಾಪ್‌ಟಾಪನ್ನು ಯಜಮಾನರ ಕೈಗಿಟ್ಟಳು. "ನಾನು ಓಡಿಸ್ತೀನಿ. ನನಗೆ ಬೇಕಾದಷ್ಟು ಭಯ ಇದೆ."

ಬೇಡ ಅಂತ ಯಜಮಾನರು ಅಂದರು, ಇನ್ನೂ ಯಾರ್ಯಾರೋ ಅಂದರು. ಈ ಹೆಂಗಸು ನಿಜವಾದ ಕಾರನ್ನು ಓಡಿಸಿದ್ದು ತರಕಾರಿ ಅಂಗಡಿಯವರೆಗೆ, ಅದೂ ಎತ್ತಿನಗಾಡಿಯ ವೇಗದಲ್ಲಿ. ರೇಸಣ್ಣ ಮಾತ್ರ, "ಬಾರಮ್ಮಾ, ಪಕ್ಕದಲ್ಲಿ ನಾನಿರ್ತೀನಿ," ಅಂದರು. ಅತ್ತೆ ಸೊಸೆಯ ಹೆಲ್ಮೆಟ್ಟಿನ ಪಟ್ಟಿ ಎಳೆದು ಬಿಗಿ ಮಾಡಿ, ಅವಳ ಕೆನ್ನೆ ತಟ್ಟಿದರು. ಆ ಬಾಯಿಯಿಂದ ಒಂದು ಬೈಗುಳವೂ ಬರದಿದ್ದದ್ದು ನೋಡಿ ಟೈರಮ್ಮನಿಗೆ ಇನ್ನಷ್ಟು ಹೆದರಿಕೆಯಾಯಿತು.

ಮೊದಲ ಸುತ್ತು ನಿಧಾನಕ್ಕೆ ಹೋದಳು. ಎರಡನೆಯದರಲ್ಲಿ ಒತ್ತಿದಳು. ಎಂಜಿನ್ನು ಕಿರುಚತೊಡಗಿತು, ಗಾಜೆಲ್ಲ ಗಡಗಡ ಅಂದಿತು. ಆಟದಲ್ಲಿ ಈ ಗಡಗಡ ಇರಲಿಲ್ಲ. ಎಡ ತಿರುವು ಎದ್ದು ಬಂತು. ತಿರುಗಿಸಿದಳು. ಕಾರು ವಾಲಿತು, ಮೈ ಬಾಗಿಲಿಗೆ ಒತ್ತಿಕೊಂಡಿತು. ಆಮೇಲೆ ಅವಳು ಬೇಕಂತ ತೆಗೆದಳೋ, ಭಯಕ್ಕೆ ತಾನಾಗಿ ಬಂತೋ, ದೇವರೇ ಬಲ್ಲ, ಕಾಲು ಮೇಲೆ ಬಂತು.

ಬಾಲ ಹೋಯಿತು!

ಸೊಂಟದ ಹಿಂದೆ ಏನೋ ಸಡಿಲವಾದ ಹಾಗಾಗಿ ಹಿಂಭಾಗ ಹೊರಕ್ಕೆ ತೂರಿತು. ಮುಂದಿನ ಗಾಜಿನಲ್ಲಿ ರಸ್ತೆ ಹೋಗಿ ಬಯಲು ಬಂತು. ರೇಸಣ್ಣ "ಓ ಓ ಓ!" ಅಂದರು. ಟೈರಮ್ಮ ಯೋಚಿಸಲಿಲ್ಲ, ಯೋಚಿಸಲು ಹೊತ್ತೇ ಇರಲಿಲ್ಲ. ಅವಳ ಕೈ ಸ್ಟೀರಿಂಗನ್ನು ಬಾಲ ಹೋದ ಕಡೆಗೆ ತಿರುಗಿಸಿಯಾಗಿತ್ತು. ಕಾಲು ಬ್ರೇಕಿನ ಕಡೆ ತಿರುಗಿಯೂ ನೋಡದೆ, ಆಕ್ಸಿಲರೇಟರನ್ನು ಮೆಲ್ಲಗೆ, ಮಲಗಿದ ಮಗುವನ್ನು ಮುಟ್ಟಿದಷ್ಟು ಮೆಲ್ಲಗೆ ಒತ್ತಿತ್ತು. ಕುರ್ಚಿಯಲ್ಲಿ ಕೂತು ಸಾವಿರ ಸಲ ಮಾಡಿದ ಕೆಲಸ. ಹಿಂದಿನ ಟೈರು ಮತ್ತೆ ರಸ್ತೆಯನ್ನು ಹಿಡಿಯಿತು. ಬಯಲು ಪಕ್ಕಕ್ಕೆ ಸರಿಯಿತು, ರಸ್ತೆ ಎದುರಿಗೆ ಬಂತು. ಕಾರು ಒಂದು ಸಲ ಮೈಕೊಡವಿ ನೆಟ್ಟಗಾಯಿತು.

"ಬಂತು! ಬಂತು! ಬಾಲ ಬಂತು ಸಾರ್!" ಅಂತ ಅವಳು ಕಿರುಚಿದ್ದು ಹ್ಯಾಂಡ್‌ಬ್ರೇಕಿನ ಆಚೆ ಕೂತವರಿಗೇನು, ಟ್ರ್ಯಾಕಿನ ಆ ತುದಿಗೂ ಕೇಳಿಸಿತು. ಕಣ್ಣಲ್ಲಿ ದಳದಳ ನೀರು. ಅದನ್ನು ಒರೆಸಿಕೊಳ್ಳದೆಯೇ ಬಲ ತಿರುವಿಗೆ ಹೋಗಿ ಅಲ್ಲೂ ಕಾಲು ತೆಗೆದಳು. ಅಲ್ಲೂ ಬಂತು, ಅಷ್ಟೇ ಬಂತು. ಅದನ್ನೂ ಹಿಡಿದು ನೆಟ್ಟಗೆ ಮಾಡಿದಳು.

ವಾಪಸು ಬಂದು ನಿಲ್ಲಿಸಿದಾಗ ಯಜಮಾನರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದರು. ಕಾರಿನ ಬಾಲ ಜಾರಿದ ಗೆರೆಯನ್ನೂ ಆಟದ ಗೆರೆಯನ್ನೂ ಒಂದರ ಮೇಲೊಂದು ಇಟ್ಟಿದ್ದರು. ಯಾವುದು ಕಾರಿನದ್ದು, ಯಾವುದು ಆಟದ್ದು ಅಂತ ಅವರಿಗೇ ಹೇಳಲು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿ, "ಮೇಡಂ! ಯಾರಿಗೂ ಫೋನ್ ಮಾಡಲ್ಲ ಮೇಡಂ!" ಅಂತ ಕೂಗಿದರು. ಆಫೀಸಿನವರು ಶಿಳ್ಳೆ ಹೊಡೆದರು. ಅತ್ತೆ ಎಲ್ಲರನ್ನೂ ತಳ್ಳಿಕೊಂಡು ಬಂದು, "ನನ್ನ ಸೊಸೆ! ಕಾಲು ಬ್ರೇಕ್ ಮುಟ್ಟಲಿಲ್ಲ, ಹಿಂದಿನ ಕೆಂಪು ದೀಪ ಹತ್ತಲೇ ಇಲ್ಲ, ನೋಡಿದ್ರಾ? ನನ್ನ ಸೊಸೆ!" ಅಂತ ಕಂಡಕಂಡವರ ತೋಳು ಹಿಡಿದು ಹೇಳತೊಡಗಿದರು.

ರೇಸಣ್ಣ ಇನ್ನೂ ಕಾರಿನಿಂದ ಇಳಿದಿರಲಿಲ್ಲ. ಎರಡೂ ಕೈಯಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಕ್ಕಳ ಹಾಗೆ ನಗುತ್ತಿದ್ದರು.

"ಎಷ್ಟೋ ವರ್ಷ ಇಂಥದೇ ಕಾರಲ್ಲಿ ಕೂತಿದೀನಿ," ಅಂದರು. "ಇದಕ್ಕೆ ಇದು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿನಗೆ ಹೇಗಮ್ಮಾ ಗೊತ್ತಾಯ್ತು?"

"ಲೆಕ್ಕ ಹೇಳ್ತು ಸಾರ್."

"ಆ ಲೆಕ್ಕದಲ್ಲಿ ಇನ್ನು ಒಂದು ಚುಕ್ಕೆಯನ್ನೂ ಯಾರೂ ಮುಟ್ಟಕೂಡದು." ಅದನ್ನು ಯಜಮಾನರಿಗೆ ಕೇಳುವ ಹಾಗೆ ಜೋರಾಗಿಯೇ ಹೇಳಿದರು. ಆಮೇಲೆ ಇಳಿದು, ಈ ಕಡೆ ಸುತ್ತಿ ಬಂದು, ಡ್ರೈವರ್ ಸೀಟಿನ ಬಾಗಿಲು ತೆಗೆದರು. "ಸ್ವಲ್ಪ ಆ ಕಡೆ ಜರುಗು. ನನಗೂ ಹೇಳಿಕೊಡು."

"ಏನು ಸಾರ್?"

"ಕಾಲು ತೆಗೆಯೋದು."

ಟೈರಮ್ಮ ಪಕ್ಕದ ಸೀಟಿಗೆ ಜರುಗಿ ಬೆಲ್ಟು ಹಾಕಿಕೊಂಡಳು. ಚಾಂಪಿಯನ್ ಕಾರು ತೆಗೆದರು. ಎಡ ತಿರುವು ಹತ್ತಿರ ಬಂತು, ಕಾರು ವಾಲಿತು. "ಈಗ ಸಾರ್," ಅಂದಳು. ಕಾಲು ಅಲ್ಲಾಡಲಿಲ್ಲ. "ಈಗ, ಈಗ! ಎದುರಿಗೆ ಏನೋ ಬಂತು ಅಂದ್ಕೊಳ್ಳಿ, ಹೆದರ್ಕೊಳ್ಳಿ ಸಾರ್, ಹೆದರ್ಕೊಳ್ಳಿ!" ಅಂತ ಕೂಗಿದಳು. ರೇಸಣ್ಣ ಕಣ್ಣರಳಿಸಿ, ಉಸಿರು ಬಿಗಿಹಿಡಿದು, ಬದುಕಿನಲ್ಲಿ ಮೊದಲ ಸಲ ನಿಜವಾದ ತಿರುವಿನ ನಟ್ಟನಡುವೆ ಕಾಲು ತೆಗೆದರು. ಬಾಲ ಟೈರಮ್ಮ ಬರೆದಲ್ಲಿಗೆ ಹೋಯಿತು, ಟೈರಮ್ಮ ಬರೆದ ಹಾಗೆಯೇ ವಾಪಸು ಬಂತು, ಮತ್ತೆ ಇಬ್ಬರೂ ಸೇರಿ ಹೋ ಅಂತ ಕೂಗಿದರು.